ನಾಲ್ಕು ನೀರು ಕಂಡ ಸ್ವೆಟರ್

ಮಾರ್ಚ್ 4

212ನೇ ನಂಬರಿನ ಚೀಲದ ಮನೆಯವರಿಗೆ,

ಬರೆಯದೇ ಬಿಟ್ಟುಬಿಡೋಣ ಎಂದುಕೊಂಡಿದ್ದ ಮಾತನ್ನು ಮೊದಲು ಬರೆಯುತ್ತೇನೆ. ನಿಮ್ಮ ಚೀಲದಲ್ಲಿದ್ದ ಇಟ್ಟಿಗೆ ಬಣ್ಣದ ಸ್ವೆಟರಿನ ತೋಳು ಒಂದು ಬೆರಳಿನಷ್ಟು ಕುಗ್ಗಿದೆ. ತಪ್ಪು ನಮ್ಮದು. ಮಡಚಿ ಕಳಿಸಿದರೆ ಗೊತ್ತಾಗುವುದಿಲ್ಲ, ಹಾಕಿಕೊಂಡಾಗಲೇ ಗೊತ್ತಾಗುವುದು. "ಮನೆ ಸುಟ್ಟುಕೊಂಡೋರು ತೋಳು ಅಳೀತಾ ಕೂರ್ತಾರಾ ಮೇಡಂ?" ಎಂದು ನಮ್ಮ ಇಸ್ತ್ರಿಯಾತ ಕೇಳಿದ. ಅಳೆಯುವುದಿಲ್ಲ ಎಂಬ ಕಾರಣಕ್ಕೇ ಬರೆಯಬೇಕು ಅನ್ನಿಸಿತು.

ನಮ್ಮ ಬೀದಿಯಲ್ಲಿ ಏಳು ಲಾಂಡ್ರಿಗಳಿವೆ. ಕೊನೆಯದು ನನ್ನದು, ಅಪ್ಪನಿಂದ ಬಂದದ್ದು. ನಿಮ್ಮ ಕಡೆಯ ಕಾಡ್ಗಿಚ್ಚಿನ ಸುದ್ದಿ ಬಂದಾಗ ಊರಿನವರೆಲ್ಲ ಕಂಬಳಿ, ಪಾತ್ರೆ, ಔಷಧಿ ಒಟ್ಟು ಮಾಡಿದರು. ನಾವು ಏಳು ಜನ ಕೂತು ಯೋಚಿಸಿದೆವು. ನಮ್ಮ ಅಂಗಡಿಯಲ್ಲಿರುವ ಬಟ್ಟೆ ಒಂದೂ ನಮ್ಮದಲ್ಲ. ನಮ್ಮದು ಅಂತ ಇರುವುದು ನೀರು, ಸೋಪು, ಕೈ. ಹಾಗಾಗಿ ಸುಡದೆ ಹೊಗೆ ಮಾತ್ರ ಹಿಡಿದ ಬಟ್ಟೆಗಳನ್ನು ಕಳಿಸಿ, ಒಗೆದು ಕೊಡುತ್ತೇವೆ ಎಂದು ನಿಮ್ಮ ಶಿಬಿರಗಳಿಗೆ ಹೇಳಿ ಕಳಿಸಿದೆವು. ತರಕಾರಿ ಲಾರಿಯವರು ಬಾಡಿಗೆಯಿಲ್ಲದೆ ಸಾಗಿಸುತ್ತಿದ್ದಾರೆ.

ನಿಮ್ಮ ಉಳಿದ ಬಟ್ಟೆಗಳು ಎರಡೇ ನೀರಿಗೆ ಹೊಗೆ ಬಿಟ್ಟವು. ಸ್ವೆಟರ್ ಮಾತ್ರ ಹಟ ಹಿಡಿಯಿತು. ಒಂದು ಹಗಲು ವಿನೆಗರ್ ನೀರಿನಲ್ಲಿ ನೆನೆಸಿ, ನಾಲ್ಕು ನೀರು ಒಗೆದೆವು. ಆಮೇಲಿನದನ್ನು ಮೆಷಿನ್ನಿಗೆ ಬಿಡದೆ ನಾನೇ ಕೂತು ಮಾಡಿದೆ. ಕೊರಳ ಪಟ್ಟಿಯಲ್ಲಿ ವರ್ಷಗಟ್ಟಲೆ ಕೂತಿದ್ದ ತಲೆಯೆಣ್ಣೆಯ ಜಿಡ್ಡನ್ನು ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ ತಿಕ್ಕಿ ತೆಗೆದೆ. ಈಗ ಮುಖಕ್ಕೆ ಒತ್ತಿ ಹಿಡಿದರೂ ಏನೂ ವಾಸನೆಯಿಲ್ಲ.

ಜೇಬಿನಲ್ಲಿ ಒಂದು ಕರವಸ್ತ್ರ, ಎರಡು ಕೂದಲ ಪಿನ್ನು ಇದ್ದವು. ಕರವಸ್ತ್ರ ಒಗೆದು ಇಸ್ತ್ರಿಯಾಗಿದೆ. ಪಿನ್ನಿಗೆ ಸುತ್ತಿಕೊಂಡಿದ್ದ ಬಿಳಿ ಕೂದಲು ತೆಗೆದು, ಬಿಸಿನೀರಿನಲ್ಲಿ ತೊಳೆದು, ಕಾಗದಕ್ಕೆ ಚುಚ್ಚಿ ಇಟ್ಟಿದ್ದೇನೆ.

ಇಷ್ಟು ಬಿಟ್ಟು ಬೇರೇನು ಮಾಡಬಹುದೋ ತಿಳಿಯುವುದಿಲ್ಲ.

ಇಂತಿ,
ಕೊನೆಯ ಲಾಂಡ್ರಿಯವಳು


ಮಾರ್ಚ್ 12

ಲಾಂಡ್ರಿ ಮೇಡಂ ಅವರಿಗೆ,

ಚೀಲ ತಲುಪಿತು. ಇಲ್ಲಿ ಎಲ್ಲರಿಗೂ ಚೀಲ ಬಂತು, ಕಾಗದ ಬಂದದ್ದು ನನಗೊಬ್ಬಳಿಗೇ. ಪಕ್ಕದ ಮಂಚದವರು "ನಿಮಗೇನು ಕೋರ್ಟಿನಿಂದ ನೋಟಿಸಾ?" ಎಂದು ಕೇಳಿದರು.

ನಾನು ಶಾಲೆಯ ವ್ಯಾನ್ ಓಡಿಸುವವಳು. ಮನೆಯಲ್ಲಿ ನಾವಿಬ್ಬರೇ, ನಾನು ಮತ್ತು ನನ್ನ ಅತ್ತೆ. ಗಂಡ ಹೋಗಿ ಹನ್ನೊಂದು ವರ್ಷ. ಅವರಿಗೆ ಅವನೊಬ್ಬನೇ ಮಗ, ನಮಗೆ ಮಕ್ಕಳಾಗಲಿಲ್ಲ. ಅವನು ಹೋದ ಮೇಲೆ ತವರಿನವರು ಕರೆದರು. ಅತ್ತೆ ಬಾಗಿಲಲ್ಲಿ ನಿಂತು, "ಹೋಗೋದಾದ್ರೆ ಹೋಗು, ಆದ್ರೆ ಗ್ಯಾಸ್ ಸಿಲಿಂಡರ್ ಬದಲಾಯಿಸೋದು ಯಾರು ಅಂತ ಹೇಳಿ ಹೋಗು" ಎಂದರು. ಉಳಿದುಕೊಂಡೆ.

ಮನೆಯ ಮುಂದಿನ ಅರ್ಧ ಪೂರ್ತಿ ಹೋಯಿತು. ಅಡುಗೆಮನೆ, ಬಚ್ಚಲು, ನನ್ನ ಕೋಣೆ ಇಲ್ಲ. ಹಿಂದಿನ ಕೋಣೆ ಉಳಿದಿದೆ, ಅದು ಅತ್ತೆಯದು. ಸಹಾಯಕ್ಕೆ ಬಂದವರು ಬೆಂಕಿ ಆರಿಸಿದ ನೀರು ಕುಡಿದ ಹಾಸಿಗೆ ದಿಂಬುಗಳನ್ನು ಕಸಕ್ಕೆ ಎಳೆದು, ಬೀರುವಿನ ಬಟ್ಟೆಗಳನ್ನೂ ಬಾಗಿಲ ಹಿಂದಿನ ಮೊಳೆಯಲ್ಲಿದ್ದ ಸ್ವೆಟರನ್ನೂ ಚೀಲಕ್ಕೆ ತುಂಬಿದರು. ಅದೇ ನಿಮ್ಮ ಕೈಗೆ ಬಂದದ್ದು.

ಸ್ವೆಟರ್ ನೋಡಿದೆ. ಬಹಳ ಶುಭ್ರವಾಗಿದೆ. ನೀವು ಬರೆದ ಹಾಗೆ ಮುಖಕ್ಕೆ ಒತ್ತಿಕೊಂಡೆ. ನಿಜ, ಏನೂ ಇಲ್ಲ.

ಅದನ್ನು ಅತ್ತೆ ಯಾರ ಕೈಗೂ ಕೊಟ್ಟವರಲ್ಲ. ನೋಡಿದರೆ ನಿಮ್ಮನ್ನೂ ನನ್ನನ್ನೂ ಒಟ್ಟಿಗೆ ನಿಲ್ಲಿಸಿ ಬೈಯುತ್ತಾರೆ, ತಯಾರಾಗಿರಿ. ಅವರು ಇನ್ನೂ ಬಂದಿಲ್ಲ. ಶಿಬಿರಗಳು ಮೂರು, ಪಟ್ಟಿ ದಿನಕ್ಕೊಂದು ಥರ. ಸಂಜೆ ಸಂಜೆ ಹೋಗಿ ಓದಿ ಬರುತ್ತೇನೆ.

ತೋಳಿನ ವಿಷಯ ಬಿಡಿ. ಬರೆದಿರಲ್ಲ, ಅದೇ ದೊಡ್ಡದು.

ವ್ಯಾನಿನವಳು


ಮಾರ್ಚ್ 19

ವ್ಯಾನಿನ ಅಕ್ಕನಿಗೆ,

ಅಕ್ಕ ಎಂದು ಬರೆದಿದ್ದೇನೆ. ನನಗೆ ನಲವತ್ನಾಲ್ಕು. ನೀವು ಚಿಕ್ಕವರಾಗಿದ್ದರೆ ಹೇಳಿ, ತಿದ್ದಿಕೊಳ್ಳುತ್ತೇನೆ.

ಅತ್ತೆಯವರು ಬೇರೆ ಶಿಬಿರದಲ್ಲಿದ್ದಾರೆ ಎಂದು ತಿಳಿದು ಸಮಾಧಾನವಾಯಿತು. ಪಟ್ಟಿಗಳ ಗೊಂದಲ ಬೇಗ ಸರಿಹೋಗಲಿ. ಅವರು ಬಂದ ಕೂಡಲೇ ತೋಳಿನ ಅಳತೆ ತೆಗೆದು ಕಳಿಸಿ, ಹೆಗಲಿನಿಂದ ಮಣಿಕಟ್ಟಿನವರೆಗೆ. ನಮ್ಮ ಇಸ್ತ್ರಿಯಾತನ ಹೆಂಡತಿ ಒಳ್ಳೆಯ ಹೆಣಿಗೆಯವಳು, ಅದೇ ಬಣ್ಣದ ಉಣ್ಣೆಯಲ್ಲಿ ಪಟ್ಟಿ ಹೆಣೆದು ಕೂಡಿಸುತ್ತಾಳಂತೆ. ಇಸ್ತ್ರಿಯಾತನನ್ನು ನಾವೆಲ್ಲ ಗಂಜಿ ಎಂದು ಕರೆಯುವುದು, ಗಂಜಿ ಹಾಕಿದ ಕಾಲರಿನ ಹಾಗೆ ಸದಾ ನೆಟ್ಟಗೆ ನಿಂತಿರುತ್ತಾನೆ. "ಆ ಅತ್ತೆಯವ್ರು ಬೈದು ಬರೆದ್ರೆ ನನಗೂ ಓದಿ ಹೇಳಿ ಮೇಡಂ, ಚೌಕಟ್ಟು ಹಾಕಿಸ್ತೀನಿ" ಎನ್ನುತ್ತಾನೆ.

ಮೊನ್ನೆ ಪತ್ರಿಕೆಯವರು ಬಂದು ನಮ್ಮ ಬೀದಿಯ ಫೋಟೋ ತೆಗೆದರು. ಒಂದು ತುದಿಯಿಂದ ಇನ್ನೊಂದು ತುದಿವರೆಗೆ ಹಗ್ಗ ಕಟ್ಟಿ ನಿಮ್ಮೂರಿನ ಬಟ್ಟೆ ಒಣಗಿಸಿದ್ದೆವು. ಬೇರೆಯವರ ನಷ್ಟದ ಮುಂದೆ ನಿಂತು ನಕ್ಕ ಹಾಗೆ ಕಾಣುತ್ತದೆಯೇನೋ ಎಂದು ನಾನು ಹಿಂದೆ ಸರಿದೆ. ಆದರೂ ಫೋಟೋದಲ್ಲಿ ಬಂದಿದ್ದೇನೆ. ನಗುತ್ತಲೇ ಇದ್ದೇನೆ.

ಅಳತೆ ಮರೆಯಬೇಡಿ.

ಲಾಂಡ್ರಿಯವಳು


ಏಪ್ರಿಲ್ 3

ಮೇಡಂ,

ಒಂದು ವಿಷಯ ಕೇಳಬೇಕು. ಪಿನ್ನಿನಿಂದ ತೆಗೆದ ಕೂದಲನ್ನು ಏನು ಮಾಡಿದಿರಿ?

ನಮ್ಮ ಚೀಲದಿಂದ ಏನಾದರೂ ನಿಮ್ಮಲ್ಲಿ ಉಳಿದಿದೆಯೇ? ಒಗೆಯದೆ ಬಿಟ್ಟದ್ದು, ಬೇರೆ ಬಟ್ಟೆಯ ಜೊತೆ ಸೇರಿಕೊಂಡದ್ದು, ಹರಿದಿದೆ ಎಂದು ಎತ್ತಿಟ್ಟದ್ದು? ಚಿಂದಿಯಾದರೂ ಆದೀತು. ಚೀಲವೇ ಇದ್ದರೂ ಆದೀತು.

ಅಳತೆ ಸದ್ಯಕ್ಕೆ ಬೇಡ.

ಲಾರಿ ಹೊರಡುತ್ತಿದೆ, ಇಷ್ಟೇ ಬರೆಯಲಾಗುವುದು.


ಏಪ್ರಿಲ್ 9

ವ್ಯಾನಿನ ಅಕ್ಕನಿಗೆ,

ನಿಮ್ಮ ಕಾಗದವನ್ನು ಮೂರು ಸಲ ಓದಿದೆ. ಮನಸ್ಸಿಗೆ ಸ್ವಲ್ಪ ನೋವಾಯಿತು ಎಂದು ಬರೆಯದೆ ಇರಲಾರೆ.

ನಮ್ಮಲ್ಲಿ ಬಂದ ಬಟ್ಟೆಗಳಲ್ಲಿ ಒಂದು ಗುಂಡಿಯನ್ನೂ ನಾವು ಇಟ್ಟುಕೊಳ್ಳುವುದಿಲ್ಲ. ಬಟ್ಟೆ ನೀರಿಗೆ ಇಳಿಯುವ ಮೊದಲು ಜೇಬು ನೋಡುವುದು, ಸಿಕ್ಕಿದ್ದನ್ನು ಅದೇ ನಂಬರಿನ ಲಕೋಟೆಗೆ ಹಾಕುವುದು, ಇದು ಅಪ್ಪನ ಕಾಲದ ಪದ್ಧತಿ. ನಿಮ್ಮ ಚೀಲದಲ್ಲಿ ಹದಿನೇಳು ಬಟ್ಟೆಗಳಿದ್ದವು, ಹದಿನೇಳೂ ಮರಳಿವೆ. ಏನಾದರೂ ಕಾಣೆಯಾಗಿದ್ದರೆ ಅದು ಯಾವುದು ಎಂದು ನೇರವಾಗಿ ಹೇಳಿ. ಲಾರಿಯವರನ್ನೂ ವಿಚಾರಿಸುತ್ತೇನೆ.

ಕೂದಲನ್ನು ಕಸಕ್ಕೆ ಹಾಕಿದೆ. ಬೇರೇನು ಮಾಡಬೇಕಿತ್ತು? ಚೀಲಗಳನ್ನು ಪುರಸಭೆಯ ಗಾಡಿ ಒಯ್ದಿದೆ.

ಇಷ್ಟು ಬಿಗಿಯಾಗಿ ಬರೆಯುವುದು ನನ್ನ ಸ್ವಭಾವವಲ್ಲ. ಇಂಗ್ಲಿಷ್ ಶಾಲೆಯಲ್ಲಿ ಓದಿದವಳು, ಕಾಗದ ಎಂದರೆ ಅರ್ಜಿ ಎಂದೇ ಕೈ ಕಲಿತಿದೆ. ನೀವು ಕೇಳಿದ್ದರಲ್ಲಿ ನನಗೆ ಅರ್ಥವಾಗದ್ದು ಏನೋ ಇರಬಹುದು ಎಂದೂ ಅನ್ನಿಸುತ್ತಿದೆ. ಹಾಗಿದ್ದರೆ ಬಿಡಿಸಿ ಹೇಳಿ.

ಲಾಂಡ್ರಿಯವಳು


ಏಪ್ರಿಲ್ 15

ತಂಗೀ,

ನೀನು ಕದ್ದೆ ಎಂದು ಕೇಳಲಿಲ್ಲ. ನನಗೆ ಐವತ್ತೆರಡು, ಅದಕ್ಕೇ ಏಕವಚನ. ಬಿಡಿಸಿ ಹೇಳು ಎಂದೆಯಲ್ಲ, ಹೇಳುತ್ತೇನೆ. ಇಷ್ಟು ದಿನ ಯಾರಿಗೂ ಹೇಳಿಲ್ಲ.

ಅತ್ತೆ ಯಾವ ಶಿಬಿರದಲ್ಲೂ ಇಲ್ಲ. ನೀನು ಸಮಾಧಾನವಾಯಿತು ಎಂದು ಬರೆದಿದ್ದೆ. ತಿದ್ದಲು ಮನಸ್ಸು ಬರಲಿಲ್ಲ. ಎಲ್ಲೋ ದೂರದಲ್ಲಿ ಒಬ್ಬರಾದರೂ ಅವರು ಇದ್ದಾರೆ ಎಂದುಕೊಂಡಿರಲಿ ಅನ್ನಿಸಿತು.

ಆ ದಿನ ವ್ಯಾನಿನಲ್ಲಿ ಹದಿನಾಲ್ಕು ಮಕ್ಕಳಿದ್ದರು. ಮನೆ ದಾರಿಯ ತಿರುವಿನಲ್ಲಿ ನಿಲ್ಲಿಸಿ ಅತ್ತೆಗೆ ಫೋನ್ ಮಾಡಿದೆ. "ಬರಲಾ?" ಎಂದೆ. "ಮೊದಲು ಮಕ್ಕಳನ್ನ ಹೊಳೆ ದಾಟಿಸು. ನಾನೇನು ನಿನ್ನ ಶಾಲೆ ಮಗುನಾ? ನಡ್ಕೊಂಡು ಬರ್ತೀನಿ, ನೀರಿನ ಟ್ಯಾಂಕ್ ಹತ್ರ ಇರ್ತೀನಿ. ತಿಂಡಿ ಡಬ್ಬಿ ಮರೆತು ಹೋಗಿದ್ದೀಯ, ತರ್ತೀನಿ" ಎಂದರು. ದಾಟಿಸಿ ಬರುವಷ್ಟರಲ್ಲಿ ಪೊಲೀಸರು ರಸ್ತೆಗೆ ಅಡ್ಡ ನಿಂತಿದ್ದರು. ವ್ಯಾನ್ ಬಿಟ್ಟು ಓಡಿದೆ, ಹಿಡಿದು ಕೂರಿಸಿದರು.

ಟ್ಯಾಂಕಿನ ದಾರಿಯಲ್ಲಿ ಐದು ಜನ ಸಿಕ್ಕಿದ್ದಾರೆ. ಜನ ಎನ್ನುವ ಹಾಗೆ ಸಿಕ್ಕಿಲ್ಲ. ಅದರಲ್ಲಿ ಇಬ್ಬರು ವಯಸ್ಸಾದ ಹೆಂಗಸರು, ಅಷ್ಟು ಮಾತ್ರ ಹೇಳುತ್ತಾರೆ. ಯಾರು ಯಾರು ಎಂದು ಪರೀಕ್ಷೆ ಮಾಡಿ ನೋಡಲು ರಕ್ತ ಸಂಬಂಧದವರು ರಕ್ತ ಕೊಡಬೇಕು. ಕಚೇರಿಯಾತ, "ನೀವು ಅವರಿಗೆ ಏನಾಗಬೇಕು?" ಎಂದ. "ಸೊಸೆ" ಎಂದೆ. "ಹಾಗಾದ್ರೆ ಏನೂ ಆಗಲ್ಲ" ಎಂದು ಬರೆದುಕೊಂಡ. ಪಾಪ, ಅವನು ರಕ್ತದ ಮಾತು ಹೇಳಿದ್ದು. ಆದರೂ ಇಪ್ಪತ್ತಾರು ವರ್ಷ ಒಂದೇ ಸೂರಿನಡಿ ಜಗಳವಾಡಿದವಳು ನಾನು. ಎದ್ದು ಬಂದುಬಿಟ್ಟೆ. ಮರುದಿನ ಮತ್ತೆ ಹೋದೆ.

ಅತ್ತೆಗೆ ಒಡಹುಟ್ಟಿದವರು ಉಳಿದಿಲ್ಲ, ಮಗನಿಲ್ಲ. ಹಾಗಿದ್ದಾಗ ಅವರು ಬಳಸಿದ ವಸ್ತು ಬೇಕಂತೆ. ಬಾಚಣಿಗೆ, ಹಲ್ಲುಜ್ಜುವ ಬ್ರಷ್, ಮೈಮೇಲೆ ಹಾಕಿ ಒಗೆಯದೆ ಬಿಟ್ಟ ಬಟ್ಟೆ. ಬಾಚಣಿಗೆ, ಬ್ರಷ್ಷು ಬಚ್ಚಲಲ್ಲಿದ್ದವು, ಬಚ್ಚಲೇ ಇಲ್ಲ. ದಿಂಬು ಕಸದಲ್ಲಿ ಹೋಯಿತು. ಬೀರುವಿನ ಬಟ್ಟೆ ಮೊದಲೇ ಒಗೆದದ್ದು. ಮೈಮೇಲೆ ಹಾಕಿ ತೆಗೆದು ನೇತುಹಾಕಿದ್ದು ಅಂತ ಆ ಮನೆಯಲ್ಲಿ ಉಳಿದದ್ದು ಒಂದೇ ಒಂದು.

ಅದಕ್ಕೆ ಕೇಳಿದೆ, ತಂಗಿ.

ಅಕ್ಕ


ಏಪ್ರಿಲ್ 20

ಅಕ್ಕಾ,

ನಿಮ್ಮ ಕಾಗದ ಬಂದಾಗ ಕೌಂಟರಿನಲ್ಲಿ ಗಿರಾಕಿಗಳಿದ್ದರು. ಓದಿ ಮುಗಿಸಿ, ಅವರ ಬಟ್ಟೆ ಎಣಿಸಿ ಕೊಟ್ಟು, ಒಳಗೆ ಹೋಗಿ ಗಂಜಿಯನ್ನು ಕರೆದೆ.

ನಂತರ ಹುಡುಕಿದೆವು. ಬಟ್ಟೆ ಒಣಗಿಸುವ ಮೆಷಿನ್ನಿನ ಜಾಲರಿಯಲ್ಲಿ ನೂಲಿನ ಧೂಳು ಸೇರುತ್ತದೆ. ಅದನ್ನು ದಿನವೂ ತೆಗೆದು ಎಸೆಯುತ್ತೇವೆ. ಆದರೂ ಜಾಲರಿ ಬಿಚ್ಚಿ ಸಂದಿಗಳನ್ನು ಕೆರೆದೆ. ಗಂಜಿ ನೆಲದ ಮೇಲೆ ಉದ್ದಕ್ಕೆ ಮಲಗಿ ಚರಂಡಿಯ ತೂತಿಗೆ ಕೈ ಹಾಕಿದ. ಅವನು ಬಗ್ಗಿದ್ದನ್ನು ನಾನು ನೋಡಿದ್ದು ಇದೇ ಮೊದಲು. ಮೆಷಿನ್ನಿನ ಹಿಂದೆ ಒಂದು ಬಿಳಿ ಕೂದಲು ಸಿಕ್ಕಿತು. "ಇದೇ, ಇದೇ ಇರಬೇಕು ಮೇಡಂ" ಎಂದು ಅವನು ಕಿರುಚಿದ. ನನ್ನ ತಲೆ ನೋಡಿಕೊಂಡೆ. ನನ್ನದೂ ಅಲ್ಲಲ್ಲಿ ಬೆಳ್ಳಗಾಗಿದೆ.

ಕೊರಳ ಪಟ್ಟಿ ತಿಕ್ಕಿದ ಬ್ರಷ್, ಆ ಕೂದಲು, ಜಾಲರಿಯ ಧೂಳು, ಮೂರನ್ನೂ ಬೇರೆ ಬೇರೆ ಕಾಗದದಲ್ಲಿ ಕಟ್ಟಿ ಲಾರಿ ಚಾಲಕರ ಕೈಗೇ ಕೊಟ್ಟಿದ್ದೇನೆ. ಆ ಬ್ರಷ್ಷಿನಲ್ಲಿ ಆಮೇಲೆ ಎಷ್ಟು ಕೊರಳ ಪಟ್ಟಿ ತಿಕ್ಕಿದ್ದೇನೆ ಎಂಬ ಲೆಕ್ಕ ನನಗಿಲ್ಲ. ನಿಮ್ಮೂರಿನವರದೇ ಬಹಳ.

ಸ್ವೆಟರನ್ನೂ ಕಚೇರಿಗೆ ಕೊಡಿ. ಹೊಲಿಗೆಯ ಒಳಗೆ ಏನಾದರೂ ಉಳಿದಿರಬಹುದು. ಚೆನ್ನಾಗಿ ಒಗೆದಿಲ್ಲದಿರಲಿ ಎಂದು ಹಾರೈಸುತ್ತಿದ್ದೇನೆ. ಇಪ್ಪತ್ತು ವರ್ಷದಲ್ಲಿ ಎಂದೂ ಹೀಗೆ ಹಾರೈಸಿದವಳಲ್ಲ.

ಇನ್ನೂ ಬರೆಯಬೇಕಿದೆ. ಲಾರಿಯವರು ಅವಸರ ಮಾಡುತ್ತಿದ್ದಾರೆ.

ತಂಗಿ


ಮೇ 8

ತಂಗೀ,

ಬರೆಯಲು ತಡವಾಯಿತು. ಬರೆಯುವಂಥದ್ದು ಏನೂ ಇರಲಿಲ್ಲ.

ಬ್ರಷ್ಷಿನಲ್ಲಿ ಎಂಟೋ ಒಂಬತ್ತೋ ಜನರ ಗುರುತು ಕಲಸಿಹೋಗಿದೆಯಂತೆ, ಬಿಡಿಸಲಾಗುವುದಿಲ್ಲ. ಧೂಳು ಕೆಲಸಕ್ಕೆ ಬರಲಿಲ್ಲ. ಕೂದಲು ಆ ಇಬ್ಬರಲ್ಲಿ ಯಾರದೂ ಅಲ್ಲ. ನಿನ್ನದೇ ಇರಬೇಕು, ಇಟ್ಟುಕೊಂಡಿದ್ದೇನೆ. ಸ್ವೆಟರನ್ನು ಎರಡು ವಾರ ಇಟ್ಟುಕೊಂಡು ವಾಪಸು ಕೊಟ್ಟರು. ಕೊಟ್ಟ ಹೆಣ್ಣುಮಗಳು, "ಯಾರೋ ತುಂಬಾ ಚೆನ್ನಾಗಿ ತೊಳೆದಿದ್ದಾರೆ" ಎಂದಳು. ಹೊಗಳುವ ಹಾಗೇ ಹೇಳಿದಳು. ನಾನೂ ಹೌದು ಎಂದೆ.

ಗುರುತು ಸಿಗದವರನ್ನೆಲ್ಲ ಈ ತಿಂಗಳು 24ಕ್ಕೆ ಒಟ್ಟಿಗೆ ಮಣ್ಣು ಮಾಡುತ್ತಾರೆ. ಕಲ್ಲಿನ ಮೇಲೆ ನಂಬರ್ ಇರುತ್ತದೆ. ಇಬ್ಬರು ಹೆಂಗಸರು ಇದ್ದಾರಲ್ಲ, ಯಾವುದರ ಮುಂದೆ ನಿಲ್ಲಲಿ? ಎರಡರ ನಡುವೆ ನಿಲ್ಲಿ ಎಂದು ಕಚೇರಿಯಾತ ಹೇಳಿದ. ಅತ್ತೆ ಇದ್ದಿದ್ದರೆ, "ಹತ್ತಿರ ಬಂದು ನಿಲ್ಲೋಕೂ ಬರಲ್ವಾ ನಿನಗೆ?" ಎನ್ನುತ್ತಿದ್ದರು.

ಒಂದು ಮಾತು ಹೇಳಿಬಿಡುತ್ತೇನೆ. ಚೀಲ ಕಟ್ಟುವಾಗ ಸ್ವೆಟರಿಗೆ ಒಂದು ಚೀಟಿ ಪಿನ್ ಮಾಡಿದೆ ಎಂದು ನನಗೆ ನೆನಪು. ಒಗೆಯಬೇಡಿ ಎಂದು ಬರೆದೆ ಎಂದು ನೆನಪು. ಆಗ ಈ ಪರೀಕ್ಷೆಯೆಲ್ಲ ಗೊತ್ತಿರಲಿಲ್ಲ. ಅದನ್ನು ಅತ್ತೆ ಯಾವಾಗಲೂ ತಾವೇ ಒಗೆಯುತ್ತಿದ್ದರು, ಬಂದ ಮೇಲೆ ರೇಗುತ್ತಾರಲ್ಲ ಎಂದು ಅಷ್ಟೇ. ಆದರೆ ಬರೆದಿದ್ದರೆ ನೀನು ಒಗೆಯುತ್ತಿರಲಿಲ್ಲ. ಒಂದು ಬೆರಳು ತೋಳು ಕುಗ್ಗಿದ್ದಕ್ಕೆ ಕಾಗದ ಬರೆದವಳು ನೀನು. ಹಾಗಾದರೆ ನಾನು ಬರೆದಿಲ್ಲ. ಆ ದಿನಗಳಲ್ಲಿ ನನ್ನ ತಲೆ ನೆಟ್ಟಗಿರಲಿಲ್ಲ, ಬೇಕು ಅನ್ನಿಸಿದ್ದನ್ನೆಲ್ಲ ಮಾಡಿದ್ದೇನೆ ಎಂದುಕೊಳ್ಳುತ್ತಿದ್ದೆ. ಎರಡು ಸಾಲು ಬರೆಯಲಾಗಲಿಲ್ಲ ನನಗೆ. ಅಂದು ಕರೆದುಕೊಂಡು ಬರಲಾಗಲಿಲ್ಲ, ಆಮೇಲೆ ಇದೂ ಆಗಲಿಲ್ಲ.

ವ್ಯಾನ್ ಬಿಟ್ಟಿದ್ದೇನೆ. ಮಕ್ಕಳು ಹತ್ತುವ ಮೊದಲು ಎಣಿಸುತ್ತೇನೆ, ಇಳಿದ ಮೇಲೆ ಎಣಿಸುತ್ತೇನೆ, ಎರಡೂ ಸಲ ನನ್ನ ಎಣಿಕೆಯ ಮೇಲೆ ನನಗೇ ನಂಬಿಕೆ ಬರುವುದಿಲ್ಲ.

ನೀನು ಮನಸ್ಸಿಗೆ ಹಚ್ಚಿಕೊಳ್ಳಬೇಡ. ನಿನ್ನ ತಪ್ಪು ಏನೂ ಇಲ್ಲ.

ಅಕ್ಕ


ಮೇ 16

ಅಕ್ಕಾ,

ನೀವು ಚೀಟಿ ಬರೆದಿದ್ದಿರಿ.

ಇದರ ಜೊತೆಗೇ ಇಟ್ಟಿದ್ದೇನೆ, ನೋಡಿ. ಅಕ್ಷರ ನಿಮ್ಮದೇ. "ಈ ಸ್ವೆಟರ್ ದಯವಿಟ್ಟು ಒಗೆಯಬೇಡಿ. ಗಾಳಿಗೆ ಹಾಕಿದರೆ ಸಾಕು. ಅತ್ತೆ ಬಂದು ತಾವೇ ಒಗೆದುಕೊಳ್ಳುತ್ತಾರೆ." ಎರಡಲ್ಲ, ಮೂರು ಸಾಲು. ಎದೆಯ ಭಾಗಕ್ಕೆ, ಕಣ್ಣಿಗೆ ಬೀಳುವ ಹಾಗೆ ಪಿನ್ ಮಾಡಿದ್ದಿರಿ. ನಿಮ್ಮ ತಲೆ ನೆಟ್ಟಗೇ ಇತ್ತು.

ಅದನ್ನು ಬಿಚ್ಚಿದವಳು ನಾನು. ಗಂಜಿಗೆ ಓದಿ ಹೇಳಿದೆ. "ಎಷ್ಟು ದೂರದಿಂದ ಅಧಿಕಾರ ನಡೆಸ್ತಾರೆ ನೋಡಿ ಆ ಅತ್ತೆ!" ಎಂದು ಅವನು ನಕ್ಕ. ನಾನೂ ನಕ್ಕೆ. ಹೊಗೆ ವಾಸನೆಯ ಒಂದು ಬಟ್ಟೆಯೂ ನಮ್ಮ ಬೀದಿಯಿಂದ ಹೊರಗೆ ಹೋಗಬಾರದು ಎಂದು ಏಳು ಅಂಗಡಿಯವರು ಮಾತಾಡಿಕೊಂಡಿದ್ದೆವು. ಯಾರೋ ಸಂಕೋಚಕ್ಕೆ, ತೊಂದರೆ ಕೊಡಬಾರದು ಎಂದು ಹೀಗೆ ಬರೆದಿದ್ದಾರೆ, ಒಗೆದು ಕಳಿಸಿದರೆ ಖುಷಿಪಡುತ್ತಾರೆ ಎಂದು ನಾನೇ ತೀರ್ಮಾನಿಸಿದೆ. ಉಳಿದ ಹದಿನಾರು ಬಟ್ಟೆಗೆ ಇಲ್ಲದ ಶ್ರದ್ಧೆಯನ್ನು ಇದಕ್ಕೆ ಹಾಕಿದೆ. ಬೇಡ ಎಂದವರಿಗೆ ಮಾಡಿಕೊಟ್ಟರೆ ಹೆಚ್ಚಿನ ಉಪಕಾರ ಎಂದು ಅನ್ನಿಸಿರಬೇಕು. ನನಗೆ ಈಗ ಅರ್ಥವಾಗುವುದು ಇಷ್ಟೇ.

ಮೊದಲ ಕಾಗದದಲ್ಲಿ ತೋಳಿನ ವಿಷಯ ಬರೆದೆ, ಚೀಟಿಯ ವಿಷಯ ಬರೆಯಲಿಲ್ಲ. ಆಗ ಅದು ತಪ್ಪು ಎಂದೇ ತೋರಿರಲಿಲ್ಲ ಎನ್ನಬಹುದು. ಆದರೆ ತೋರದೆ ಇದ್ದಿದ್ದರೆ ಚೀಟಿಯನ್ನು ಮೇಜಿನ ಡ್ರಾಯರಿನಲ್ಲಿ ಏಕೆ ಇಟ್ಟುಕೊಂಡೆ? ಏಪ್ರಿಲ್‌ನಲ್ಲಿ ನಿಮ್ಮ ಕಾಗದ ಓದಿದ ದಿನ ಮೊದಲು ನೆನಪಾದದ್ದು ಇದೇ. ಲಾರಿಯವರು ಅವಸರ ಮಾಡುತ್ತಿದ್ದಾರೆ ಎಂದು ಬರೆದೆನಲ್ಲ, ಅವರು ಎದುರಿಗಿನ ಅಂಗಡಿಯಲ್ಲಿ ಚಹಾ ಕುಡಿಯುತ್ತಾ ಕೂತಿದ್ದರು.

ಹೇಳಿ ಪ್ರಯೋಜನವೇನು ಎಂದುಕೊಂಡಿದ್ದೆ. ಹೇಳಿದರೆ ಸ್ವೆಟರಿಗೆ ಅತ್ತೆ ಮರಳುವುದಿಲ್ಲ. ಆದರೆ ನಾನು ಹೇಳದೆ ಇದ್ದದ್ದಕ್ಕೆ ನೀವು ನಿಮ್ಮ ನೆನಪನ್ನೇ ಸುಳ್ಳು ಮಾಡಿಕೊಂಡಿರಿ. ನನ್ನನ್ನು ಒಳ್ಳೆಯವಳು ಎಂದು ನಂಬಿ, ನಿಮ್ಮನ್ನು ನೀವೇ ಎಣಿಸಲು ಬರದವಳು ಎಂದುಕೊಂಡಿರಿ. ಅದು ನನ್ನ ಕೈಯಲ್ಲಿ ನಡೆದ ಎರಡನೆಯ ಒಗೆತ.

ಈ ಕಾಗದವನ್ನು ಆರು ಸಲ ಬರೆದೆ. ಕ್ಷಮೆ ಕೇಳಿದ ಸಾಲು ಪ್ರತಿ ಸಲವೂ ಇತ್ತು, ಪ್ರತಿ ಸಲವೂ ಹೊಡೆದುಹಾಕಿದೆ. ಕೇಳಿದರೆ ನೀವು ಕೊಟ್ಟುಬಿಡುತ್ತೀರಿ. ನಾನು ತೆಗೆದುಕೊಂಡದ್ದು ಆಗಲೇ ಸಾಕಷ್ಟಾಗಿದೆ.

ಗಂಜಿಗೆ ತೋರಿಸಿದೆ. ನಿಂತುಕೊಂಡೇ ಓದಿದ. "24 ಕಳೀಲಿ ಮೇಡಂ, ಆಮೇಲೆ ಹಾಕಿ. ಆ ದಿನ ಅವ್ರಿಗೆ ಇದೂ ಬೇಕಾ?" ಎಂದ. ಒಂದು ಗಂಟೆ ಅದು ದಯೆಯ ಮಾತಿನ ಹಾಗೇ ಕೇಳಿಸಿತು. ಆಮೇಲೆ, ಆ ಎರಡು ಕಲ್ಲುಗಳ ನಡುವೆ ನಿಂತು ನೀವು ನಿಮ್ಮನ್ನೇ ಬೈದುಕೊಳ್ಳುವುದು ಕಣ್ಣಿಗೆ ಕಟ್ಟಿತು. ಅಲ್ಲಿ ನಿಂತು ಬೈಯುವುದಿದ್ದರೆ ನನ್ನನ್ನು ಬೈಯಿರಿ. ಬೈಯಲು ಒಬ್ಬರು ಇರುವುದು ಉಪಯೋಗಕ್ಕೆ ಬರುತ್ತದೋ ಇಲ್ಲವೋ ನನಗೆ ಗೊತ್ತಿಲ್ಲ. ಕೊಡಲು ನನ್ನ ಹತ್ತಿರ ಬೇರೆ ಏನೂ ಇಲ್ಲ.

ಲಾರಿ ಈ ವಾರ ಬರುವುದಿಲ್ಲ. ಅಂಚೆ ಕಚೇರಿಗೆ ಹೋಗಿದ್ದೆ, ಬಾಗಿಲು ಎಳೆಯುತ್ತಿದ್ದರು. ನಿಮ್ಮ ಕಡೆಗೆ ಐದು ದಿನ, ರಸ್ತೆ ಸರಿಯಿದ್ದರೆ, ಎಂದು ಅಲ್ಲಿನಾಕೆ ಹೇಳಿದಳು. ನಾಳೆ ಭಾನುವಾರ, ತೆರೆಯುವುದಿಲ್ಲ. ನಾಡಿದ್ದು ಹಾಕಿದರೆ 23ಕ್ಕೆ ನಿಮ್ಮ ಕೈ ಸೇರಬೇಕು. ಸೇರದೆಯೂ ಇರಬಹುದು. ಬಾಗಿಲು ತೆರೆಯುವ ಮೊದಲೇ ಹೋಗಿ ನಿಂತಿರುತ್ತೇನೆ.

ಸೋಮವಾರ, ಮೇ 18. ಅಂಚೆ ಕಚೇರಿಯ ಬಾಗಿಲ ಮುಂದೆ ನಿಂತಿದ್ದೇನೆ.